ಉಲ್ಲೇಖರಾಯರು

ನಮ್ಮ ಸವದತ್ತಿ ಸೀಮೆಯಲ್ಲಿ ಎದುರಾದವರು ಮೊದಲು ಮಳೆಯನ್ನೂ ಅನಂತರ ನವಿಲುತೀರ್ಥ ಅಣೆಕಟ್ಟಿನ ನೀರಿನ ಮಟ್ಟವನ್ನೂ ವಿಚಾರಿಸುವುದು ವಾಡಿಕೆಯಾಗಿರಲು, ಇತಿಹಾಸ ಬೋಧಿಸುವ ನನ್ನ ಮಿತ್ರರೊಬ್ಬರು ಮಾತ್ರ ಕುಶಲಪ್ರಶ್ನೆಗೂ ಮುನ್ನವೇ "ನಿಮ್ಮ ಎಚ್-ಇಂಡೆಕ್ಸ್ ಎಷ್ಟ್ರಿ ಸರ?" ಎನ್ನುವರು. ಉಲ್ಲೇಖರಾಯರೆಂಬ ಹೆಸರು ನಾನಿಟ್ಟದ್ದು. ಒಬ್ಬನ ಎಷ್ಟು ಲೇಖನಗಳು ತಲಾ ಕನಿಷ್ಠ ಅಷ್ಟೇ ಸಲ ಉಲ್ಲೇಖಿತವಾಗಿವೆಯೋ ಅದೇ ಅವನ ಅಂಕವೆಂದು 2005ರಲ್ಲಿ ಸೂತ್ರ ರಚಿಸಿದ ಭೌತವಿಜ್ಞಾನಿ ಹಿರ್ಶನೇ ರಾಯರ ಕುಲದೇವತೆ. ಪ್ರಭಾವಾಂಕ (ಇಂಪ್ಯಾಕ್ಟ್ ಫ್ಯಾಕ್ಟರ್) ಇಲ್ಲದ ಪತ್ರಿಕೆಯ ಲೇಖನಕ್ಕೆ 5 ಅಂಕ, ಪ್ರಭಾವಾಂಕ ಹತ್ತನ್ನು ಮೀರಿದ ಪತ್ರಿಕೆಯದಕ್ಕೆ 30 ಎಂದು ವಿಧಿಸಿದ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಕೋಷ್ಟಕ ಅವರ ಜೇಬಿನ ತಾಯಿತ.

ಒಂದು ಶ್ರಾವಣದಲ್ಲಿ ನಾವಿಬ್ಬರೂ ಅಣೆಕಟ್ಟು ನೋಡಹೋದೆವು. ಮಲಪ್ರಭೆಯು ಗೇಟುಗಳಿಂದ ಭೋರ್ಗರೆಯುತ್ತಿದ್ದರೆ, ರಾಯರು ಅವಳಿಗೆ ಬೆನ್ನು ತಿರುಗಿಸಿ ಮೊಬೈಲನ್ನೆತ್ತಿ ಸಿಗ್ನಲ್ಲನ್ನು ಅರಸುತ್ತಿದ್ದವರು ಹಠಾತ್ತನೆ "ಹನ್ನೆರಡನೇದು ಬಂತ್ರೀ!" ಎಂದು ಕೂಗಿದರು. ಅವರನ್ನು ಹನ್ನೆರಡನೆಯದಾಗಿ ಉಲ್ಲೇಖಿಸಿದ ಆ ಲೇಖನವನ್ನು ಓದಿ ನೋಡಲಾಗಿ, ಅದರ ಲೇಖಕನು ರಾಯರ ಶಾಸನಪಾಠವನ್ನು ಪಂಕ್ತಿಪಂಕ್ತಿಯಾಗಿ ಖಂಡಿಸಿ, ಪ್ರಮಾದಕ್ಕೆ ನಿದರ್ಶನವೆಂದೇ ಅವರನ್ನು ಹೆಸರಿಸಿದ್ದನು. ಸಂಕೋಚದಿಂದ ತೋರಿಸಿದೆ. "ಬೈದ್ರೇನಾತ್ರಿ? ಎಣಿಕ್ಯಾಗ ಬಂತಲ್ಲ!"

ನಾನು ಉಪದೇಶಕ್ಕೆ ತೊಡಗಿದೆ: ಮಟ್ಟ 2,079.5 ಅಡಿ ಮುಟ್ಟಿದರೆ ಜಲಾಶಯ ತುಂಬಿತೆನ್ನಬಹುದು, ಕಾಲುವೆಯ ಕೊನೆಯ ಹೊಲ ನೆನೆಯಿತೆನ್ನಲಾಗದು. 1980ರಲ್ಲಿ ನರಗುಂದ, ನವಲಗುಂದಗಳ ರೈತರು ಬೆಟರ್‌ಮೆಂಟ್ ಲೆವಿಯೆಂಬ ನೀರಾವರಿ ಅಭಿವೃದ್ಧಿ ಕರದ ವಿರುದ್ಧ ಸಿಡಿದೆದ್ದುದನ್ನು ನೆನೆಯಿರಿ. ವಿದ್ಯೆಯಲ್ಲೂ ಹಾಗೆಯೇ: ಪತ್ರಿಕೆಯ ಅಂಕದಿಂದ ಸಂಶೋಧಕನನ್ನು ತೂಗಬೇಡಿರೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿದ್ವಾಂಸರೇ ಘೋಷಣೆ ರೂಪಿಸಿದರಲ್ಲವೆ? ರಾಯರು ಗಂಭೀರವಾಗಿ ಕೇಳಿ, "ಆ ಘೋಷಣಾಕ್ಕ ಎಷ್ಟು ಸೈಟೇಶನ್ ಅದಾವ್ರಿ?" ಎಂದರು. ನನ್ನ ಅಂಕ ಅವರದಕ್ಕಿಂತ ಕಡಿಮೆಯೆಂಬುದೇ ನನ್ನ ವೈರಾಗ್ಯದ ಮೂಲವೆಂದು ಅವರ ಸಿದ್ಧಾಂತ; ಅದನ್ನು ಖಂಡಿಸಲು ನನ್ನಲ್ಲಿ ಆಧಾರವಿಲ್ಲ.

ಆದರೂ, ಮರಳುವಾಗ ಸವದತ್ತಿಯ ಹಳೆಯ ಗುಡಿಯೊಂದರ ಅಂಗಳದಲ್ಲಿ ಇದೇ ಮಹಾಶಯರು, ಕುರಿ ಕಾಯುವ ಹುಡುಗನೊಬ್ಬ ಕೇಳಿದನೆಂದು, ರಟ್ಟ ಅರಸರ ಕಾಲದ ಶಾಸನಶಿಲೆಗೆ ಸೀಮೆಸುಣ್ಣ ಬಳಿದು, ಅಕ್ಷರಕ್ಷರಕ್ಕೆ ಬೆರಳಿಟ್ಟು, ಯಾರು ಎಷ್ಟು ಮತ್ತರು ಭೂಮಿಯನ್ನು ದತ್ತಿ ಬಿಟ್ಟರೆಂಬುದನ್ನು ಹೊತ್ತು ಮುಳುಗುವವರೆಗೆ ಬಿಡಿಸಿ ಹೇಳಿದರು. ಮೊಬೈಲು ಮೂರು ಸಲ ಗುಣುಗಿದರೂ ನೋಡಲಿಲ್ಲ. ಪದೋನ್ನತಿಯ ಅರ್ಜಿಯಲ್ಲಿ ಆ ಸಂಜೆಯನ್ನು ತುಂಬಲು ಕಾಲಮ್ಮಿಲ್ಲ. ಹೀಗೆ ಕಲಿಸಬಲ್ಲವನನ್ನು ಹಾಗೆ ಎಣಿಸುವವನನ್ನಾಗಿ ಮಾಡಿದ ವ್ಯವಸ್ಥೆಯನ್ನು ಬಿಟ್ಟು ಅವರೊಬ್ಬರನ್ನೇ ನೋಡಿ ನಗುವುದು ನ್ಯಾಯವಲ್ಲ.

ಇದನ್ನು ಅವರಿಗೇ ಓದಿ ಹೇಳಿದೆ. "ಚಂದ ಐತ್ರಿ," ಎಂದು ನಿಟ್ಟುಸಿರಿಟ್ಟರು, "ಖರೇ ಹೆಸರ ಹಾಕಿದ್ರ ಹದಿಮೂರು ಆಗತಿತ್ತಲ್ರೀ!"