ಖನಿಜ ಶೋಧಕ ಮಹಾಶಯರ ಸನ್ನಿಧಿಗೆ

ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಚಾಲಕರಹಿತ ಜಲಾಂತರ್ಗಾಮಿ ಓಎಂಇ-6000 ಅವರಿಗೆ, ಮೈಸೂರಿನಿಂದ ಸಾಷ್ಟಾಂಗ ಪ್ರಣಾಮಗಳು.

ಪೂಜ್ಯರೇ, ನಮ್ಮೂರಿಗೆ ಸಮುದ್ರವಿಲ್ಲ. ಆದರೆ ಪಕ್ಕದಲ್ಲೇ ಹರಿಯುವ ಕಾವೇರಿ ಹೋಗಿ ಸೇರುವುದು ತಾವು ಮುಳುಗಿ ಹುಡುಕಿದ ಬಂಗಾಳ ಕೊಲ್ಲಿಯನ್ನೇ. ಆ ಸಲುಗೆಯಿಂದ ಈ ಅರಿಕೆ.

2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನ 29 ಜನರೊಂದಿಗೆ ಕಾಣೆಯಾಯಿತು. ಹಡಗು, ವಿಮಾನಗಳು ವಾರಗಟ್ಟಲೆ ಜಾಲಾಡಿದರೂ ಸುಳಿವು ಸಿಗಲಿಲ್ಲ. ಕೊನೆಗೆ ತಾವು 3,400 ಮೀಟರ್ ಆಳಕ್ಕಿಳಿದಿರಿ. ಸಮುದ್ರಮಟ್ಟದಿಂದ ಚಾಮುಂಡಿ ಬೆಟ್ಟದ ತುದಿ ಎಷ್ಟೆತ್ತರವೋ ಅದರ ಮೂರು ಪಟ್ಟಿಗೂ ಮೀರಿದ ಆಳವದು. ಅಲ್ಲಿ ಬೆಳಕಿಲ್ಲ, ರೇಡಿಯೊ ಸಂಕೇತ ಅಷ್ಟು ನೀರು ದಾಟದು, ಹಾಗಾಗಿ ಜಿಪಿಎಸ್ ಕೂಡ ಇಲ್ಲ. ಶಬ್ದ ಹೊರಡಿಸಿ, ಮರಳಿ ಬಂದ ಪ್ರತಿಧ್ವನಿಯಿಂದಲೇ ತಳದ ಚಿತ್ರ ಬಿಡಿಸಿದಿರಿ, ಫೋಟೊ ತೆಗೆದಿರಿ. ಚೆನ್ನೈ ತೀರದಿಂದ ಸುಮಾರು 310 ಕಿ.ಮೀ. ದೂರದಲ್ಲಿ ವಿಮಾನದ ಅವಶೇಷ ಇದೆಯೆಂಬ ಸುದ್ದಿ 2024ರ ಜನವರಿಯಲ್ಲಿ ಹೊರಬಂತು. ಏಳೂವರೆ ವರ್ಷದ ಮೇಲೆ ದಯಮಾಡಿಸಿದಿರಿ. ಆ 29 ಜನರ ಮನೆಯವರ ಪರವಾಗಿ ಯಾರೂ ಹೇಳದಿದ್ದರೂ ನಾನು ಹೇಳುತ್ತೇನೆ: ಋಣಿಗಳು.

2016ರಲ್ಲಿ ತಾವು ನಮ್ಮಲ್ಲಿರಲಿಲ್ಲ, ಒಪ್ಪಿದೆ. 2022ರ ಡಿಸೆಂಬರ್‌ನಲ್ಲಿ ಇದ್ದಿರಿ. ಆಗ ಮಧ್ಯ ಹಿಂದೂ ಮಹಾಸಾಗರದಲ್ಲಿ 5,271 ಮೀಟರ್ ಆಳಕ್ಕೆ ಹೋಗಿ, ಮ್ಯಾಂಗನೀಸ್ ಗಂಟುಗಳಿಗಾಗಿ 14 ಚದರ ಕಿ.ಮೀ. ಸರ್ವೆ ಮಾಡಿದಿರಿ. ಅವುಗಳಲ್ಲಿರುವ ನಿಕ್ಕಲ್, ಕೋಬಾಲ್ಟ್ ದೇಶಕ್ಕೆ ಬೇಕು, ಬೇಡವೆನ್ನಲಾರೆ. ಆದರೆ ಆ ಗಂಟುಗಳು ಲಕ್ಷಾಂತರ ವರ್ಷಗಳಿಂದ ಅಲ್ಲೇ ಬಿದ್ದಿವೆ, ಇನ್ನೊಂದು ವರ್ಷ ಬಿದ್ದಿರುತ್ತಿದ್ದವು. ಮಗ ಬದುಕಿದ್ದಾನೋ ಇಲ್ಲವೋ ತಿಳಿಯದ ತಾಯಿಗೆ ಒಂದು ತಿಂಗಳೂ ಸಣ್ಣದಲ್ಲ. ಯಾರು ಮೊದಲು, ಯಾವುದು ಆಮೇಲೆ ಎಂದು ತಮ್ಮನ್ನು ಕಳಿಸುವವರನ್ನು ದಯವಿಟ್ಟು ಒಮ್ಮೆ ಕೇಳಿ.

ಇನ್ನೊಂದು ಮನವಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ಪಾಲಾದ ಲಾರಿ, ಚಾಲಕನ ಶವದೊಂದಿಗೆ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಹೊಳೆಯ ಸೆಳೆತಕ್ಕೆ ನೌಕಾಪಡೆಯ ಮುಳುಗುಗಾರರೇ ಕೈಕಟ್ಟಿ ನಿಲ್ಲಬೇಕಾಯಿತು. ಕಡಲಾಳಕ್ಕೆ ಹುಟ್ಟಿದ ತಾವು ಆ ಕೆಸರಿಗೆ ಒಗ್ಗುವವರಲ್ಲ, ಬಲ್ಲೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ‘ಮಾಯಾ’ ಎಂಬ ಪುಟ್ಟ ಚಾಲಕರಹಿತ ಜಲಾಂತರ್ಗಾಮಿ ವಾಹನವನ್ನು ಕಟ್ಟಿ ಎಷ್ಟೋ ವರ್ಷವಾಯಿತು. ಮಳೆಗಾಲದ ಹೊಳೆಯ ಸೆಳೆತ ತಡೆಯಬಲ್ಲ ಅಂಥದೊಂದನ್ನು ಕಟ್ಟಿಸಿ ಕಾರವಾರದಲ್ಲಿ ಇಡಿಸಿಕೊಡಿ.

ಮುಂದೆಂದಾದರೂ ವಿಮಾನವೋ ದೋಣಿಯೋ ಕಾಣೆಯಾದರೆ, ಮೊದಲ ವಾರದಲ್ಲೇ ತಮ್ಮ ಸಂಸ್ಥೆಯ ‘ಸಾಗರ ನಿಧಿ’ ಹಡಗು ಹತ್ತಿ ಹೊರಡುವ ಕೃಪೆ ಮಾಡಬೇಕು.

ಇಂತಿ ತಮ್ಮ ವಿಧೇಯ,
ಮೈಸೂರಿನ ಒಬ್ಬ ನಾಗರಿಕ