ಶೂನ್ಯಕ್ಕೂ ಒಂದು ಫೈಲು

ಯುನಿಕ್ಸ್‌ನಲ್ಲಿ ಕೈ ಪಳಗಿದವರಿಗೆ ಕಂಪ್ಯೂಟರಿನಲ್ಲಿರುವುದೆಲ್ಲ ಫೈಲೇ. ಕೀಬೋರ್ಡು ಫೈಲು, ಡಿಸ್ಕು ಫೈಲು, ಕೊನೆಗೆ ‘ಏನೂ ಇಲ್ಲ’ ಎಂಬುದಕ್ಕೂ ಒಂದು ಫೈಲುಂಟು: /ಡೆವ್/ನಲ್. ಎಷ್ಟು ಸುರಿದರೂ ನುಂಗುತ್ತದೆ, ತೇಗುವುದಿಲ್ಲ. ಈ ಸುಖಕ್ಕೆ ಒಗ್ಗಿಹೋದ ನನಗೆ ಆಫೀಸಿನವರು ಕೊಟ್ಟಿರುವುದು ವಿಂಡೋಸ್ ಲ್ಯಾಪ್‌ಟಾಪು. ಹಾಗಾಗಿ ಸಿಗ್‌ವಿನ್ನಿನ ಮೊರೆ ಹೊಕ್ಕಿದ್ದೇನೆ. 1995ರಲ್ಲಿ ಸಿಗ್ನಸ್ ಕಂಪನಿಯ ಸ್ಟೀವ್ ಚೇಂಬರ್ಲೇನ್ ಶುರುಮಾಡಿದ ಈ ತಂತ್ರಾಂಶ ವಿಂಡೋಸಿನ ಮನೆಯಲ್ಲೇ ಯುನಿಕ್ಸಿಗೊಂದು ಸಂಸಾರ ಹೂಡಿಕೊಡುತ್ತದೆ.

ಅತ್ತೆ-ಸೊಸೆ ಒಂದೇ ಸೂರಿನಡಿ ಇದ್ದಮೇಲೆ ಕಿರಿಕಿರಿ ಇಲ್ಲದೆ ಇದ್ದೀತೇ? ವಿಂಡೋಸು ಪೋರ್ಟುಗಳನ್ನು ಒಂದರಿಂದ ಎಣಿಸಿದರೆ ಯುನಿಕ್ಸು ಸೊನ್ನೆಯಿಂದ. ಅಲ್ಲಿಯ ಕಾಮ್-1 ಇಲ್ಲಿ /ಡೆವ್/ಟಿಟಿವೈಎಸ್0. ಕಾಮ್-5ಕ್ಕೆ ಮೋಡೆಮ್ ಸಿಕ್ಕಿಸಿದವರು ಟಿಟಿವೈಎಸ್4ನ್ನು ಕರೆಯಬೇಕು. ಐದನ್ನೇ ಕರೆದರೆ ಯಾರೂ ಓಗೊಡುವುದಿಲ್ಲ.

ಇನ್ನು ಡಾಸ್ ಕಾಲದಿಂದ ಉಳಿದುಬಂದ ಕಾನ್, ಪಿಆರ್‌ಎನ್, ಆಕ್ಸ್, ನಲ್ ಎಂಬ ಹಿರಿಯರು. ಇವರ ಹೆಸರನ್ನು ವಿಂಡೋಸಿನಲ್ಲಿ ಯಾವ ಫೋಲ್ಡರಿಗೂ ಇಡುವಂತಿಲ್ಲ. ಸಿಗ್‌ವಿನ್ನಿಗೆ ಈ ಮಡಿ-ಮೈಲಿಗೆ ಇಲ್ಲ. ಮೊನ್ನೆ ನಮ್ಮ ಹುಡುಗನೊಬ್ಬ ವಿಂಡೋಸ್ ಅಭ್ಯಾಸದಲ್ಲೇ ಔಟ್‌ಪುಟ್ಟನ್ನು ‘ನಲ್’ಗೆ ತಳ್ಳಿದ. ಸಿಗ್‌ವಿನ್ ವಿಧೇಯವಾಗಿ ಅದೇ ಹೆಸರಿನ ಫೈಲೊಂದನ್ನು ಸೃಷ್ಟಿಸಿತು. ‘ಸರ್, ಕಣ್ಣೆದುರಿಗೇ ಇದೆ, ಡಿಲೀಟ್ ಮಾಡಕ್ಕೆ ಹೋದ್ರೆ ವಿಂಡೋಸ್ ಒಪ್ತಾನೇ ಇಲ್ಲ!’ ಎಂದು ಓಡಿಬಂದ. ‘ಹೆತ್ತವರಿಗೇ ಹೇಳಪ್ಪ’ ಎಂದೆ. ಸಿಗ್‌ವಿನ್ನಿನಲ್ಲಿ ಆರ್‌ಎಂ ಕೊಟ್ಟ. ತಕ್ಷಣ ಹೋಯಿತು.

ನನ್ನ ಅಚ್ಚುಮೆಚ್ಚಿನದು /ಡೆವ್/ಕ್ಲಿಪ್‌ಬೋರ್ಡ್. ವಿಂಡೋಸಿನಲ್ಲಿ ಕಾಪಿ ಮಾಡಿದ್ದನ್ನು ಫೈಲಿನಂತೆ ಓದಬಹುದು, ಬರೆಯಲೂಬಹುದು. ಅಪಾಯವೂ ಅಲ್ಲೇ. ಪಟ್ಟಿಯೊಂದರಲ್ಲಿ ಎಷ್ಟು ಸಾಲಿದೆ ಎಂದು ಎಣಿಸಹೊರಟರೆ, ಷಡ್ಡಕನಿಗೆ ಕಳಿಸಲೆಂದು ಕಾಪಿ ಮಾಡಿಟ್ಟಿದ್ದ ಗೃಹಪ್ರವೇಶದ ಆಮಂತ್ರಣದ ಸಾಲುಗಳು ಲೆಕ್ಕಕ್ಕೆ ಸಿಗುತ್ತವೆ.

ತಮಾಷೆ ಮಾಡಬಾರದ್ದು ಒಂದೇ, /ಡೆವ್/ಎಸ್‌ಡಿಎ. ಅದು ಮೊದಲನೆಯ ಹಾರ್ಡ್‌ಡಿಸ್ಕು, ಇಡಿಯಾಗಿ. ಅಡ್ಮಿನ್ ಅಧಿಕಾರ ಹಿಡಿದು ಪೆನ್‌ಡ್ರೈವಿಗೆಂದು ಡಿಡಿ ಕಮಾಂಡ್ ಹಾಕುವಾಗ ಬಿ ಬದಲು ಎ ಒತ್ತಿದರೆ ಸಂಸಾರವೇ ಮುಳುಗೀತು. /ಪ್ರಾಕ್/ಪಾರ್ಟಿಶನ್ಸ್ ತೆರೆದು ನೋಡಿ. ಯಾವ ಪಾರ್ಟಿಶನ್ ವಿಂಡೋಸಿನ ಯಾವ ಡ್ರೈವು ಎಂದು ಪಕ್ಕದಲ್ಲೇ ಬರೆದಿರುತ್ತದೆ. /ಡೆವ್/ನಲ್‌ಗೆ ಬೇಕಾದ್ದು ಸುರಿಯಿರಿ, ಕೇಳುವವರಿಲ್ಲ. ಎಸ್‌ಡಿಎ ಮುಟ್ಟುವ ಮುನ್ನ ಮಾತ್ರ ಆ ಪಟ್ಟಿಯನ್ನು ಎರಡು ಸಲ ಓದಿ, ಆಮೇಲೆ ಎಂಟರ್ ಒತ್ತಿ.