ಚೂರು ಮೀಮಾಂಸೆ: ಉಗಾರ ಬುದ್ರುಕದ ಪಂಚ ಮತ್ತು ಹಾರುವ ತಟ್ಟೆ

ಹೆಸರಿನಿಂದ ಶುರು ಮಾಡುವುದು ಶಾಸ್ತ್ರದ ಪದ್ಧತಿ. ‘ಕ್ಲೇ ಪಿಜನ್’ ಎಂಬ ಎರಡು ಪದಗಳಲ್ಲಿ ಎರಡು ಸುಳ್ಳುಗಳಿವೆ. ಅದು ಮಣ್ಣೂ ಅಲ್ಲ, ಪಾರಿವಾಳವೂ ಅಲ್ಲ. ಸುಣ್ಣದ ಕಲ್ಲಿನ ಪುಡಿಗೆ ಡಾಂಬರಿನ ಜಾತಿಯ ಪಿಚ್ ಬೆರೆಸಿ ಅಚ್ಚು ಹಾಕಿದ, 110 ಮಿಲಿಮೀಟರ್ ಅಗಲದ, ಸುಮಾರು 105 ಗ್ರಾಂ ತೂಗುವ ತಟ್ಟೆ ಅದು. ಆಕಾರ ಬೋರಲು ಹಾಕಿದ ಪಣತಿಯದು, ಸ್ವಭಾವ ಶೇಂಗಾ ಹೋಳಿಗೆಯದು. ಮೊದಲು ಜೀವಂತ ಹಕ್ಕಿಗಳನ್ನೇ ಹಾರಿಬಿಟ್ಟು ಹೊಡೆಯುತ್ತಿದ್ದರು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಹಾಗೆಯೇ ನಡೆಯಿತು. ಅದಕ್ಕೂ ಮೊದಲೇ, 1880ರಲ್ಲಿ, ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೌಸ್ಕಿ ಎಂಬಾತ ಮಣ್ಣಿನ ತಟ್ಟೆಗೆ ಪೇಟೆಂಟ್ ಪಡೆದಿದ್ದ. ಆರಂಭದ ಆ ಸುಟ್ಟ ಮಣ್ಣು ಎಷ್ಟು ಗಟ್ಟಿಯಿತ್ತೆಂದರೆ ಗುಂಡು ತಾಗಿದರೂ ಒಡೆಯಲು ಸತಾಯಿಸುತ್ತಿತ್ತು. ಕುಂಬಾರನ ಮರ್ಯಾದೆ ಉಳಿಯಿತು, ಆಟ ಕೆಟ್ಟಿತು.

ಕೃಷ್ಣಾ ಹೊಳೆಯ ದಂಡೆಯ ಉಗಾರ ಬುದ್ರುಕ ಎಂಬ ಊರಿನ ಹೆಸರನ್ನೂ ಇದೇ ನಿಕಷಕ್ಕೆ ಒಡ್ಡಬೇಕು. ಬುದ್ರುಕ ಎಂದರೆ ಹಿರಿದು, ಖುರ್ದ ಎಂದರೆ ಕಿರಿದು. ಎರಡೂ ಪಾರಸಿಯಿಂದ ಇಳಿದು ಬಂದವು. ಆದರೆ ಸಕ್ಕರೆ ಕಾರ್ಖಾನೆ, ರೈಲ್ವೆ ಸ್ಟೇಷನ್ ಎರಡೂ ಕಿರಿದೆನಿಸಿಕೊಂಡ ಉಗಾರ ಖುರ್ದದ ಪಾಲಾಗಿವೆ. ಹೆಸರಿಗೂ ವಸ್ತುವಿಗೂ ಸಂಬಂಧವಿರಲೇಬೇಕಿಲ್ಲ ಎಂಬುದನ್ನು ಉಗಾರ ಬುದ್ರುಕದವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಮಣ್ಣಲ್ಲದ ಮಣ್ಣಿಗೆ, ಹಕ್ಕಿಯಲ್ಲದ ಹಕ್ಕಿಗೆ ತೀರ್ಪುಗಾರನನ್ನು ಆರಿಸುವಾಗ ಈ ಊರಿಗೇ ಹೋಗಬೇಕೆಂಬುದು ಪ್ರಬಂಧಕಾರರ ಪ್ರತಿಜ್ಞೆ.

ಊರಲ್ಲಿ ಅಂಥ ಆಟದ ಅಂಕಣವಿಲ್ಲವಲ್ಲ ಎಂದು ಪೂರ್ವಪಕ್ಷದವರು ಎದ್ದುನಿಲ್ಲಬಹುದು. ಕುಳಿತುಕೊಳ್ಳಲಿ. ಅಂಕಣವಿಲ್ಲದಿದ್ದರೂ ಪಂಚನಿದ್ದಾನೆ. ಈ ಅಧ್ಯಯನಕ್ಕೆಂದೇ ಕಲ್ಪಿಸಿಕೊಂಡ ಈತ ಇಪ್ಪತ್ತು ವರ್ಷ ಜಾತ್ರೆಯ ಕುಸ್ತಿಗಳಲ್ಲಿ ಕೆಂಪು ರುಮಾಲು ಸುತ್ತಿ ‘ಚಿತ್’ ಎಂದು ಕೂಗಿದವನು. ಅವನ ಸೋದರಳಿಯ ಬಂದೂಕಿನ ಆಟ ಕಲಿತ. ದೂರದ ಊರಿನ ಅಂಕಣವೊಂದರಲ್ಲಿ ತೀರ್ಪು ಕೊಡಲು ಆಳು ಕಡಿಮೆ ಬಿದ್ದಾಗ ಮಾಮನನ್ನು ಎಳೆದೊಯ್ದ.

ಮೊದಲ ದಿನವೇ ಪಂಚನಿಗೆ ವಿರೋಧಾಭಾಸದ ದರ್ಶನವಾಯಿತು. ಅಂಕಣದಲ್ಲಿ ಓಡಾಡುವವರು ಬಂದೂಕನ್ನು ನಡುವೆ ಮುರಿದು ತೆರೆದಿಟ್ಟುಕೊಂಡೇ ಓಡಾಡಬೇಕು. ಅಂದರೆ ಬಂದೂಕು ಮುರಿದಿದ್ದರೆ ಕ್ಷೇಮ, ತಟ್ಟೆ ಮುರಿದರೆ ಅಂಕ. ಟ್ರ್ಯಾಪ್ ಎಂಬ ಪ್ರಕಾರದಲ್ಲಿ ಐದು ನಿಲ್ದಾಣಗಳು, 15 ಮೀಟರ್ ಮುಂದೆ ನೆಲದೊಳಗೆ ಅಡಗಿದ 15 ಯಂತ್ರಗಳು. ಗುರಿಕಾರ ಕೂಗಿದೊಡನೆ ಅವುಗಳಲ್ಲೊಂದು ತಟ್ಟೆ ಉಗುಳುತ್ತದೆ. ಯಾರೂ ಹೊಡೆಯದಿದ್ದರೆ ಅದು 76 ಮೀಟರ್ ದೂರ ಹೋಗಿ ಬೀಳುತ್ತದೆ. ಸುತ್ತಿಗೆ 25 ತಟ್ಟೆ. ಸ್ಕೀಟ್‌ನಲ್ಲಿ ಎರಡು ಗೂಡುಗಳು, ಎಂಟು ನಿಲ್ದಾಣಗಳು; ಕೂಗಿದ ಮೇಲೆ ತಟ್ಟೆ ತಕ್ಷಣ ಬರಬಹುದು, ಮೂರು ಸೆಕೆಂಡ್ ತಡವಾಗಿಯೂ ಬರಬಹುದು. ಹಳ್ಳಿಯ ಬಸ್ಸಿಗೆ ಕಾದು ಬೆಳೆದವನಿಗೆ ಇದರಲ್ಲಿ ಕಲಿಯುವಂಥದ್ದೇನೂ ಇರಲಿಲ್ಲ.

ತೊಡಕಿದ್ದದ್ದು ಧೂಳಿನಲ್ಲಿ.

ನಿಯಮ ಹೇಳುವುದಿಷ್ಟು: ತಟ್ಟೆಯಿಂದ ಕಣ್ಣಿಗೆ ಕಾಣುವ ಒಂದಾದರೂ ಚೂರು ಬೇರ್ಪಟ್ಟರೆ ಅದು ಹೊಡೆದಂತೆ. ಬರೀ ಧೂಳೆದ್ದು ಚೂರು ಕಾಣದಿದ್ದರೆ ಹೊಡೆದಂತಲ್ಲ. ಪಂಚನ ಇಪ್ಪತ್ತು ವರ್ಷದ ವಿದ್ಯೆ ಇಲ್ಲಿ ತಲೆಕೆಳಗಾಯಿತು. ಕುಸ್ತಿ ಕಣದಲ್ಲಿ ಮಣ್ಣೇ ಸಾಕ್ಷಿ. ಎಣ್ಣೆ, ಮಜ್ಜಿಗೆ, ಅರಿಸಿನ ಕಲಸಿ ಹದ ಮಾಡಿದ ಆ ಕೆಮ್ಮಣ್ಣು ಪೈಲವಾನನ ಬೆನ್ನಿಗೆ ಹತ್ತಿತೆಂದರೆ ಮುಗಿಯಿತು. ಅವನು ಎಷ್ಟೇ ಬೊಬ್ಬೆ ಹೊಡೆದರೂ ಬೆನ್ನು ಸುಳ್ಳು ಹೇಳುವುದಿಲ್ಲ. ಇಲ್ಲಿ ಧೂಳೆದ್ದದ್ದನ್ನು ಊರೆಲ್ಲ ಕಂಡರೂ ಪಂಚ ‘ಲಾಸ್ಟ್’ ಎಂದು ಕೂಗಬೇಕು.

ನೈಯಾಯಿಕರು ಕೇಳಿದರೆ ಎದೆ ಬಡಿದುಕೊಂಡಾರು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಉಂಟೆಂಬ ಅವರ ಅನುಮಾನ ಪ್ರಮಾಣಕ್ಕೆ ಶತಮಾನಗಳ ಮರ್ಯಾದೆ ಇದೆ. ಹೊಗೆ ಕಂಡರೂ ಬೆಂಕಿ ಇಲ್ಲವೆನ್ನುವ ಏಕೈಕ ದರ್ಶನ ಇದು. ಶಬ್ದ ಪ್ರಮಾಣವೂ ನಡೆಯದು. ಗುರಿಕಾರ ತಾನು ಹೊಡೆದೆನೆಂದು ಆಣೆ ಮಾಡಿದರೆ ಅದು ಬರೀ ಶಬ್ದ. ಉಳಿದದ್ದು ಭಾಟ್ಟ ಮೀಮಾಂಸಕರು ಎತ್ತಿಹಿಡಿದ ಅನುಪಲಬ್ಧಿ: ಕಾಣಬೇಕಾದದ್ದು ಕಾಣಲಿಲ್ಲ, ಆದ್ದರಿಂದ ಇಲ್ಲ. ಅದನ್ನು ಸಾಧಿಸಲು ಕುಮಾರಿಲ ಭಟ್ಟರು ಉದ್ದುದ್ದ ವಾದ ಹೂಡಬೇಕಾಯಿತು. ಪಂಚನಿಗೆ ಸಿಗುವುದು ಕಣ್ಣೆವೆ ಇಕ್ಕುವಷ್ಟು ಹೊತ್ತು.

ಪುರಾಣದಲ್ಲಿ ಆಧಾರ ಹುಡುಕಿದರೆ ಮತ್ಸ್ಯಯಂತ್ರ ಸಿಗುತ್ತದೆ. ಗುರಿ ಬಿತ್ತೋ ಇಲ್ಲವೋ ಎಂಬ ತಕರಾರು ಅಲ್ಲಿರಲಿಲ್ಲ. ಸೋತ ರಾಜರು ನೇರ ಹೊಡೆದಾಟಕ್ಕೇ ಇಳಿದರು. ಕೊಡಗಿನವರು ಇನ್ನೂ ಜಾಣರು. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಕಾಯಿ ಓಡಿಹೋಗುವುದಿಲ್ಲ, ಒಡೆದರೆ ತಾನೇ ನೀರು ಸುರಿಸಿ ಸಾಕ್ಷಿ ಹೇಳುತ್ತದೆ.

ತಟ್ಟೆಗೆ ಆ ಸೌಜನ್ಯವಿಲ್ಲ. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳಾ ಸ್ಕೀಟ್ ಫೈನಲ್ ಟೈ ಆಗಿ ಶೂಟ್ ಆಫ್‌ಗೆ ಹೋಯಿತು. ಬ್ರಿಟನ್ನಿನ ಆಂಬರ್ ರಟ್ಟರ್ ಹೊಡೆದ ಒಂದು ತಟ್ಟೆಯನ್ನು ತಪ್ಪಿದೆ ಎಂದರು. ಆಕೆ ಪ್ರತಿಭಟಿಸಿದರು. ಟಿವಿಯ ಮರುಪ್ರಸಾರದಲ್ಲಿ ಏನೋ ಸಿಡಿದಂತೆ ಕಂಡಿತು. ಆದರೆ ಅಲ್ಲಿ ತೀರ್ಪಿಗೆ ವಿಡಿಯೊ ನೋಡುವ ಏರ್ಪಾಡಿರಲಿಲ್ಲ. ಚಿನ್ನ ಚಿಲಿಯ ಫ್ರಾನ್ಸಿಸ್ಕಾ ಕ್ರೊವೆಟ್ಟೊಗೆ ಹೋಯಿತು. ಮರುದಿನ ಮಿಶ್ರ ಸ್ಕೀಟ್‌ನಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತ್‌ಜೀತ್ ಸಿಂಗ್ ನರೂಕಾ ಚೀನಾದೆದುರು 43–44ರಿಂದ ಕಂಚು ಕಳೆದುಕೊಂಡರು. ಒಂದು ತಟ್ಟೆ, 105 ಗ್ರಾಂ. ಫೈನಲ್‌ಗಳಲ್ಲಿ ಬಣ್ಣದ ಪುಡಿ ತುಂಬಿದ ತಟ್ಟೆ ಹಾರಿಸುವುದುಂಟು. ಅದನ್ನು ಮೊದಲ ಸಲ ಕಂಡಾಗ ಪಂಚನಿಗೆ ಚಿಂಚಲಿ ಮಾಯಕ್ಕನ ಜಾತ್ರೆಯ ಭಂಡಾರ ನೆನಪಾಗಿ ಕೈ ತಾನಾಗಿ ಹಣೆಗೆ ಹೋಯಿತು. ಪಕ್ಕದಲ್ಲಿದ್ದ ಸಹಾಯಕ ತೀರ್ಪುಗಾರ ಅದನ್ನು ಭಿನ್ನಮತದ ಸಂಜ್ಞೆ ಎಂದು ತಿಳಿದು ಗಾಬರಿಯಾದ.

ಅಂಥದೊಂದು ಅಂಕಣ ಉಗಾರದಲ್ಲೂ ಆಗಲಿ ಎಂದು ಸೋದರಳಿಯ ಹಟ ಹಿಡಿದಾಗ ಪಂಚ ಸ್ಕೀಟಿನ ಚರಿತ್ರೆ ಓದಿಸಿಕೊಂಡ. 1920ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನ ಆಂಡೋವರ್‌ನಲ್ಲಿ ಚಾರ್ಲ್ಸ್ ಡೇವಿಸ್ ಪೂರ್ತಿ ವೃತ್ತದ ಅಂಕಣ ಮಾಡಿಕೊಂಡಿದ್ದ. ಪಕ್ಕದ ಜಾಗದಲ್ಲಿ ಕೋಳಿ ಫಾರ್ಮ್ ಬಂತು. ಕೋಳಿಗಳ ಕಡೆಗೆ ಗುಂಡು ಹಾರಿಸುವಂತಿಲ್ಲವಾಗಿ ವೃತ್ತ ಅರ್ಧವಾಯಿತು. ಜಗತ್ತು ಇಂದಿಗೂ ಆ ಅರ್ಧದಲ್ಲೇ ಆಡುತ್ತಿದೆ. ಉಗಾರದಲ್ಲಾದರೆ ಒಂದು ಬದಿಗೆ ಕೃಷ್ಣಾ ಹೊಳೆ, ಉಳಿದ ಮೂರು ಬದಿಗೆ ಕಬ್ಬು. ಕಾಲು ವೃತ್ತವೂ ದಕ್ಕದೆಂದು ಪಂಚ ಲೆಕ್ಕ ಹಾಕಿದ.

ಕೊನೆಗೆ ಸೋದರಳಿಯನ ಸುತ್ತಿಗೇ ತೀರ್ಪು ಕೊಡುವ ದಿನ ಬಂತು. ಹತ್ತೊಂಬತ್ತನೆಯ ತಟ್ಟೆ ಎಡಕ್ಕೆ ಹಾರಿತು, ಗುಂಡಾಯಿತು, ಚಿಟಿಕೆ ಧೂಳೆದ್ದಿತು. ಪಂಚ ‘ಲಾಸ್ಟ್’ ಎಂದ.

“ಮಾಮಾ, ಧೂಳ ಹಾರಿದ್ದು ನಿಮಗ ಕಾಣಲಿಲ್ಲೇನ್ರಿ?”

“ಕಂಡೈತಿ. ಚೂರು ಕಂಡಿಲ್ಲ. ನಿಲ್ಲು ಮುಂದಿನದಕ್ಕ.”

ಸುತ್ತು ಮುಗಿದ ಮೇಲೆ ಹುಡುಗ ಹುಲ್ಲಿನಲ್ಲಿ ಹುಡುಕಿ ಆ ತಟ್ಟೆಯನ್ನೇ ಹಿಡಿದು ತಂದ. ಇಡೀ ತಟ್ಟೆ, ಅಂಚು ಮುಕ್ಕಾಗಿಲ್ಲ, ನಡುವೆ ಮಾತ್ರ ಜೋಳದ ಕಾಳು ತೂರುವಂಥ ಮೂರು ತೂತು. ಒಂದರಲ್ಲಿ ಕಿರುಬೆರಳ ತುದಿ ಇಟ್ಟು ತೋರಿಸಿದ. ಪಂಚ ಮುಖ ತಿರುಗಿಸಿದ. ನೆಲಕ್ಕೆ ಬಿದ್ದ ತಟ್ಟೆಯನ್ನು ಎತ್ತಿ ನೋಡಿ ತೀರ್ಪು ಕೊಡಬಾರದೆಂದು ನಿಯಮದಲ್ಲೇ ಇದೆ.

ಹುಡುಗ ಸಿಟ್ಟಿನಿಂದ ಅದನ್ನು ಉಗಾರಕ್ಕೇ ತಂದು ಅತ್ತೆಯ ಮುಂದಿಟ್ಟ. ಆಕೆ ತಿರುಗಿಸಿ ಮುರುಗಿಸಿ ನೋಡಿ, ಹಿತ್ತಲಲ್ಲಿ ಸೇವಂತಿಗೆ ಕುಂಡದ ತಳಕ್ಕೆ ಕೊಟ್ಟಳು. ನೀರು ಬಸಿಯಲು ಮೂರು ತೂತು ಸರಿಯಾಗಿದ್ದವು.

“ಅಲ್ರೀ, ಇದಕ್ಕ ಗುಂಡ ತಾಗಿದ್ದು ಖರೇನೋ ಸುಳ್ಳೋ?” ಎಂದು ಒಳಗಿನಿಂದಲೇ ಕೇಳಿದಳು.

ಪಂಚ ಹೊಳೆಯ ಕಡೆ ನೋಡುತ್ತ ಹೇಳಿದ: “ನೆಲಕ್ಕ ಬಿದ್ದದ್ದರ ಬಗ್ಗೆ ನಾ ಏನೂ ಹೇಳಾಂಗಿಲ್ಲ.”